ಕಪ್ ಎಣಿಸಿದರೆ ಕ್ಯಾಪ್ಟನ್ ಸಿಗುವುದಿಲ್ಲ: ಬರೇಸಿ, ಮಾಲ್ದೀನಿ, ಕೀನ್, ಜೆರಾರ್ಡ್ ಬಗ್ಗೆ

ಪ್ರಶ್ನೆ: ಕ್ಲಬ್ ಫುಟ್‌ಬಾಲ್‌ನ ಅತಿ ದೊಡ್ಡ ಕ್ಯಾಪ್ಟನ್ ಯಾರು ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಜಗಳ ನಡೆಯುತ್ತಲೇ ಇದೆ. ಒಬ್ಬ ಎಸಿ ಮಿಲಾನ್‌ನ ಮಾಲ್ದೀನಿ ಅಂತಾನೆ, ಐದು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಎಣಿಸಿ ತೋರಿಸ್ತಾನೆ. ಇನ್ನೊಬ್ಬನಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್ ಬಿಟ್ಟರೆ ಬೇರೆ ಯಾರೂ ಇಲ್ಲ. ನನಗೆ ಲಿವರ್‌ಪೂಲ್‌ನ ಜೆರಾರ್ಡ್ ಇಷ್ಟ. 1960ರ ದಶಕದವರನ್ನೂ ಈಗಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸರೀನಾ? ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಈ ಸಾಲಿನಲ್ಲಿ ಎಲ್ಲಿ ಬರ್ತಾನೆ?

ಉತ್ತರ: ತೂಗಬಹುದು, ಆದರೆ ಕಪ್ ಎಣಿಸಿ ಅಲ್ಲ. ನೇರವಾಗಿ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಎಸಿ ಮಿಲಾನ್‌ನ ಡಿಫೆಂಡರ್ ಫ್ರಾಂಕೊ ಬರೇಸಿ. ಮಾಲ್ದೀನಿ ಅಲ್ಲ, ಕೀನ್ ಅಲ್ಲ, ನಿಮ್ಮ ಜೆರಾರ್ಡ್ ಕೂಡ ಅಲ್ಲ. ಯಾಕೆ ಅಂತ ಹೇಳೋದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ಒಂದು ಮಾತು. ನಾವು ಕ್ರಿಕೆಟ್ ನೋಡಿ ಬೆಳೆದವರು. ಕ್ಯಾಪ್ಟನ್ ಅಂದ ಕೂಡಲೇ ಫೀಲ್ಡರ್‌ಗಳನ್ನು ನಿಲ್ಲಿಸುವವನು, ಬೌಲರ್ ಬದಲಿಸುವವನು, ಸೋತರೆ ಬೈಸಿಕೊಳ್ಳುವವನು ಕಣ್ಣಿಗೆ ಬರುತ್ತಾನೆ. ಫುಟ್‌ಬಾಲ್‌ನಲ್ಲಿ ಈ ಅಧಿಕಾರ ಒಂದೂ ಇಲ್ಲ. ತಂಡ ಆರಿಸುವವನು ಕೋಚ್, ಆಟದ ಲೆಕ್ಕಾಚಾರ ಕೋಚ್‌ನದು, ಯಾರನ್ನು ಹೊರಗೆ ಕರೆಸಬೇಕು ಅನ್ನುವುದೂ ಅವನದೇ. ನಿಯಮದ ಪುಸ್ತಕದಲ್ಲಿ ಕ್ಯಾಪ್ಟನ್‌ಗೆ ಇರುವುದು ಟಾಸ್, ಮತ್ತೆ ತಂಡದ ನಡವಳಿಕೆಗೆ ಒಂದಿಷ್ಟು ಹೊಣೆ. 2024ರ ಯುರೋ ಟೂರ್ನಿಯಲ್ಲಿ ರೆಫರಿ ಹತ್ತಿರ ಹೋಗಿ ಕೇಳುವುದಿದ್ದರೆ ಕ್ಯಾಪ್ಟನ್ ಒಬ್ಬನೇ ಕೇಳಬೇಕು ಅಂತ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಹೇಳಿತು. ಒಳ್ಳೆಯ ಬದಲಾವಣೆ. ಆದರೂ ತೋಳಿಗೆ ಕಟ್ಟುವ ಆ ಪಟ್ಟಿಯ ಬೆಲೆ ನಿಯಮದಿಂದ ಬರುವುದಲ್ಲ, ಡ್ರೆಸಿಂಗ್ ರೂಮಿನ ಒಳಗಿಂದ ಬರುವುದು. ಅದಕ್ಕೇ ಅಳೆಯೋದು ಕಷ್ಟ.

ನಾನು ಹಳಬರನ್ನೂ ಹೊಸಬರನ್ನೂ ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಮನುಷ್ಯ ಮೈದಾನದಲ್ಲಿ ಇಲ್ಲದ ದಿನ ಅವನ ತಂಡ ಹೇಗೆ ಆಡಿತು? ಕ್ಯಾಪ್ಟನ್ ಇದ್ದಾಗ ಗೆಲ್ಲುವ ತಂಡ ಬೇಕಾದಷ್ಟಿದೆ. ಅವನಿಂದ ಕಲಿತದ್ದನ್ನು ಅವನಿಲ್ಲದಾಗಲೂ ಆಡುವ ತಂಡ ಅಪರೂಪ.

ಈಗ ಮಿಲಾನ್‌ಗೆ ಬರೋಣ, ಏಕೆಂದರೆ ನಿಮ್ಮ ಗೆಳೆಯನ ವಾದ ಬಿದ್ದುಹೋಗುವುದು ಅಲ್ಲೇ. ಮಾಲ್ದೀನಿ ಗೆದ್ದ ಐದು ಯುರೋಪಿಯನ್ ಕಪ್ ಯಾವುವು? 1989, 1990, 1994, 2003, 2007. ಮೊದಲ ಮೂರೂ ಬರೇಸಿ ಕ್ಯಾಪ್ಟನ್ ಆಗಿದ್ದ ಕಾಲದವು. ಮಾಲ್ದೀನಿ ಕ್ಯಾಪ್ಟನ್ ಆಗಿ ಎತ್ತಿದ್ದು ಎರಡು. ಇಟಲಿಯ ಲೀಗ್ ತೆಗೆದುಕೊಳ್ಳಿ. ಬರೇಸಿಯ ನಾಯಕತ್ವದಲ್ಲಿ ಐದು: 1988, 1992, 1993, 1994, 1996. ಮಾಲ್ದೀನಿಯ ನಾಯಕತ್ವದಲ್ಲಿ ಎರಡು: 1999 ಮತ್ತು 2004. ಅಂದರೆ ಕಪ್ ಎಣಿಸುವ ಆಟದಲ್ಲೂ ನಿಮ್ಮ ಗೆಳೆಯ ಸೋಲುತ್ತಾನೆ. ಒಬ್ಬ ಆಟಗಾರ ಗೆದ್ದದ್ದನ್ನೆಲ್ಲ ಅವನ ಕ್ಯಾಪ್ಟನ್‌ಗಿರಿಯ ಲೆಕ್ಕಕ್ಕೆ ಬರೆದರೆ ಹೀಗೇ ಆಗೋದು.

ಬರೇಸಿಗೆ ಪಟ್ಟಿ ಸಿಕ್ಕಿದ್ದು 1982ರಲ್ಲಿ, 22 ವರ್ಷಕ್ಕೆ. ಆಗ ಮಿಲಾನ್ ಪರಿಸ್ಥಿತಿ ಹೇಗಿತ್ತು ಗೊತ್ತಾ? 1980ರಲ್ಲಿ ಬೆಟ್ಟಿಂಗ್ ಹಗರಣದಿಂದಾಗಿ ಎರಡನೇ ಡಿವಿಷನ್‌ಗೆ ತಳ್ಳಿದ್ದರು. ಹೇಗೋ ಮೇಲೆ ಬಂದರು. 1982ರಲ್ಲಿ ಮತ್ತೆ ಕೆಳಗೆ, ಈ ಸಲ ಕೆಟ್ಟದಾಗಿ ಆಡಿ. ಅದೇ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಬರೇಸಿಯೂ ಇದ್ದ, ಆಡಲು ಅವಕಾಶ ಸಿಗಲಿಲ್ಲ ಅನ್ನೋದು ಬೇರೆ ಮಾತು. ವಿಶ್ವಕಪ್ ತಂಡದ ಹುಡುಗ, ಕೇಳುವ ಕ್ಲಬ್‌ಗಳು ಇದ್ದೇ ಇರುತ್ತವೆ. ಅವನು ಹೋಗಲಿಲ್ಲ. ಎರಡನೇ ಡಿವಿಷನ್‌ನಲ್ಲಿ ಪಟ್ಟಿ ಕಟ್ಟಿಕೊಂಡು ಆಡಿದ. ಸಿಲ್ವಿಯೊ ಬೆರ್ಲುಸ್ಕೋನಿ ದುಡ್ಡು ತಂದದ್ದು 1986ರಲ್ಲಿ, ಅರಿಗೊ ಸಾಕ್ಕಿ ಕೋಚ್ ಆಗಿ ಬಂದದ್ದು 1987ರಲ್ಲಿ. ಅಲ್ಲಿವರೆಗೆ ಕ್ಲಬ್‌ನ ಮರ್ಯಾದೆ ಹೊತ್ತು ನಿಂತವನು ಇವನು.

ಸಾಕ್ಕಿ ಬಂದ ಮೇಲೆ ಬರೇಸಿ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿವರೆಗೂ ಇಟಲಿಯ ತಂಡಗಳಲ್ಲಿ ಒಬ್ಬ ಡಿಫೆಂಡರ್ ಎಲ್ಲರ ಹಿಂದೆ ನಿಂತು, ತಪ್ಪಿಸಿಕೊಂಡು ಬಂದ ಚೆಂಡನ್ನು ತೆಗೆಯುತ್ತಿದ್ದ. ಸಾಕ್ಕಿ ಆ ಪದ್ಧತಿ ಕಿತ್ತುಹಾಕಿದ. ನಾಲ್ಕು ಜನ ಒಂದೇ ಗೆರೆಯಲ್ಲಿ ನಿಲ್ಲಬೇಕು, ಒಟ್ಟಿಗೆ ಮುಂದೆ ಹೋಗಬೇಕು, ಒಟ್ಟಿಗೆ ಹಿಂದೆ ಬರಬೇಕು, ಡಿಫೆನ್ಸ್‌ನಿಂದ ಫಾರ್ವರ್ಡ್‌ವರೆಗೆ ಇಡೀ ತಂಡ ಸುಮಾರು 25 ಮೀಟರ್ ಒಳಗೇ ಇರಬೇಕು. ಎದುರಾಳಿ ಪಾಸ್ ಕೊಡಲು ತಲೆ ಎತ್ತುವ ಹೊತ್ತಿಗೆ ಬರೇಸಿ ಎರಡು ಹೆಜ್ಜೆ ಮುಂದೆ ಬರುತ್ತಿದ್ದ, ಜೊತೆಗೆ ತಸ್ಸೋಟ್ಟಿ, ಕೊಸ್ತಾಕುರ್ತಾ, ಮಾಲ್ದೀನಿ ಮೂವರೂ. ಬರೇಸಿಯ ಕೈ ಮೇಲೆ ಏಳುತ್ತಿತ್ತು, ಲೈನ್ಸ್‌ಮನ್ ಬಾವುಟವೂ ಏಳುತ್ತಿತ್ತು: ಆಫ್‌ಸೈಡ್, ಅಂದರೆ ಪಾಸ್ ಹೊರಟಾಗ ಎದುರಾಳಿ ಡಿಫೆಂಡರ್‌ಗಳ ಗೆರೆ ದಾಟಿ ನಿಂತಿದ್ದ ಅಂತ. ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೂ ಎದುರಾಳಿ ಗೋಲ್‌ಕೀಪರ್ ಮುಂದೆ ಒಂಟಿಯಾಗಿ ನಿಂತಿರುತ್ತಾನೆ. ಅಷ್ಟು ಅಪಾಯದ ಆಟ. ಆಗಿನ ಆಫ್‌ಸೈಡ್ ನಿಯಮವೂ ಈಗಿನದಕ್ಕಿಂತ ಬಿಗಿ. ಆಟದಲ್ಲಿ ಭಾಗವಹಿಸದೆ ಪಕ್ಕದಲ್ಲಿ ನಿಂತವನಿಗೂ ಬಾವುಟ ಏಳುತ್ತಿತ್ತು. ಆದ್ದರಿಂದ ಇದೇ ಆಟವನ್ನು ಇವತ್ತು ಹೀಗೇ ಆಡೋದಕ್ಕೆ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮೂವರನ್ನು ತನ್ನ ಹೆಜ್ಜೆಗೆ ಹೆಜ್ಜೆ ಸೇರಿಸುವ ಹಾಗೆ ಮಾಡುವುದು ಯಾವ ಕಾಲಕ್ಕೂ ಸುಲಭದ ಮಾತಲ್ಲ.

ಸಾಕ್ಕಿ ಹೇಳುತ್ತಿದ್ದ ಒಂದು ಸಂಗತಿ ಇದೆ. ತಂಡದ ಡಚ್ ಆಟಗಾರರಾದ ಗುಲಿಟ್, ವಾನ್ ಬಾಸ್ಟನ್‌ಗೆ ಈ ಪದ್ಧತಿಯಲ್ಲಿ ನಂಬಿಕೆ ಬರಲಿ ಅಂತ ಅಭ್ಯಾಸದಲ್ಲಿ ಪಂದ್ಯ ಇಟ್ಟನಂತೆ. ಒಂದು ಕಡೆ ಗೋಲ್‌ಕೀಪರ್ ಮತ್ತು ಈ ನಾಲ್ವರು, ಇನ್ನೊಂದು ಕಡೆ ಗುಲಿಟ್, ವಾನ್ ಬಾಸ್ಟನ್ ಸೇರಿ ಹತ್ತು ಜನ. 15 ನಿಮಿಷ ಸಮಯ. ಗೋಲ್ ಬರಲಿಲ್ಲ. ಮತ್ತೆ ಮತ್ತೆ ಆಡಿಸಿದ, ಆಗಲೂ ಬರಲಿಲ್ಲ. ಪದ್ಧತಿ ಸಾಕ್ಕಿಯದು ನಿಜ. ಆದರೆ ಪಂದ್ಯದ ದಿನ ಅವನು ಗೆರೆಯಾಚೆ ನಿಂತಿರುತ್ತಾನಲ್ಲ, ಒಳಗೆ ಅದನ್ನು ನಡೆಸಿದವನು ಬರೇಸಿ. ಅದೂ ಹೆಚ್ಚು ಮಾತಾಡದೆ, ಗಂಟಲು ಹರಿದುಕೊಳ್ಳದೆ.

ಈಗ ನನ್ನ ಪ್ರಶ್ನೆ. 18 ಮೇ 1994, ಅಥೆನ್ಸ್, ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಕೋಚ್ ಕ್ರೈಫ್ ಕಟ್ಟಿದ ಬಾರ್ಸಿಲೋನಾ, ರೊಮಾರಿಯೊ ಮತ್ತು ಸ್ಟೊಯ್‌ಚ್ಕೊವ್ ಇದ್ದ ತಂಡ. ಅವರೇ ಗೆಲ್ಲುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು. ಬರೇಸಿಗೆ ಅಮಾನತು, ಕೊಸ್ತಾಕುರ್ತಾಗೂ ಅಮಾನತು. ನಡುವಿನ ಡಿಫೆನ್ಸ್ ಪೂರ್ತಿ ಖಾಲಿ. ಕೋಚ್ ಕಪೆಲ್ಲೊ ಎಡಬದಿಯ ಮಾಲ್ದೀನಿಯನ್ನು ನಡುವಿಗೆ ತಂದ, ಪಕ್ಕದಲ್ಲಿ ಫಿಲಿಪ್ಪೊ ಗಾಲ್ಲಿ, ಪಟ್ಟಿ ತಸ್ಸೋಟ್ಟಿಯ ತೋಳಿಗೆ. ಫಲಿತಾಂಶ 4-0. ನಾಲ್ಕು ಗೋಲು ಹೊಡೆದದ್ದಕ್ಕಿಂತ ನನಗೆ ಆ ಸೊನ್ನೆ ದೊಡ್ಡದು. ಬರೇಸಿ ಇಲ್ಲದ ಗೆರೆ ಬರೇಸಿ ಇದ್ದ ಹಾಗೇ ಆಡಿತು. ನಾಯಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರು ಕೊಡೋಕೆ ಸಾಧ್ಯ?

ಮಾಲ್ದೀನಿಯ ಬಗ್ಗೆ ಅನ್ಯಾಯವಾಗಿ ಮಾತಾಡುವುದು ನನಗೆ ಬೇಡ. ಡಿಫೆಂಡರ್ ಆಗಿ ಅವನನ್ನು ಬರೇಸಿಗಿಂತ ಒಂದು ಕೈ ಮೇಲೆ ಇಡುತ್ತೇನೆ. 25 ಸೀಸನ್, 902 ಪಂದ್ಯ, ಒಂದೇ ಕ್ಲಬ್. ಅಪ್ಪ ಚೆಸಾರೆ 1963ರಲ್ಲಿ ವೆಂಬ್ಲಿಯಲ್ಲಿ ಕ್ಯಾಪ್ಟನ್ ಆಗಿ ಎತ್ತಿದ ಕಪ್ಪನ್ನು ಮಗ ಸರಿಯಾಗಿ 40 ವರ್ಷದ ಮೇಲೆ, 2003ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಎತ್ತಿದ. 2005ರಲ್ಲಿ ಇಸ್ತಾಂಬುಲ್‌ನ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಮೊದಲ ನಿಮಿಷದಲ್ಲೇ ಗೋಲು ಹೊಡೆದು, ಅರ್ಧ ಆಟಕ್ಕೆ 3-0 ಮುಂದಿದ್ದೂ ಸೋತ. ಅಂಥ ಸೋಲು ಉಂಡ ತಂಡ ಚೂರಾಗಿಬಿಡುತ್ತದೆ. ಇವನ ತಂಡ ಚೂರಾಗಲಿಲ್ಲ. ಎರಡು ವರ್ಷದ ಮೇಲೆ ಅದೇ ಲಿವರ್‌ಪೂಲ್ ವಿರುದ್ಧ ಅಥೆನ್ಸ್‌ನಲ್ಲಿ 2-1ರಿಂದ ಗೆದ್ದಿತು, ಆಗ ಇವನಿಗೆ 38. ಇದು ದೊಡ್ಡ ನಾಯಕತ್ವವೇ. ಆದರೂ ಮೇ 2009ರಲ್ಲಿ ಸ್ಯಾನ್ ಸಿರೊದಲ್ಲಿ ಅವನ ಕೊನೆಯ ಪಂದ್ಯದ ದಿನ ಮಿಲಾನ್‌ನ ಕಟ್ಟಾ ಅಭಿಮಾನಿಗಳ ಒಂದು ಗುಂಪು ಸಿಳ್ಳೆ ಹೊಡೆದು, ಕ್ಯಾಪ್ಟನ್ ಒಬ್ಬನೇ, ಅವನು ಬರೇಸಿ ಅಂತ ಕೂಗಿತು. ಅದು ನೀಚ ಕೆಲಸ. ಅಂಥ ಆಟಗಾರನನ್ನು ಹಾಗೆ ಕಳಿಸಬಾರದಿತ್ತು. ಬರೇಸಿ ದೊಡ್ಡವನು ಅಂತ ಹೇಳುವುದಕ್ಕೆ ಮಾಲ್ದೀನಿಯನ್ನು ಸಣ್ಣವನು ಮಾಡಬೇಕಾಗಿಲ್ಲ.

ಇನ್ನು ಕೀನ್. 21 ಏಪ್ರಿಲ್ 1999, ತುರಿನ್, ಯುವೆಂಟಸ್ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲನೆಯದು 1-1. ಇಲ್ಲಿ 11 ನಿಮಿಷಕ್ಕೇ ಯುವೆಂಟಸ್‌ನ ಇನ್ಝಾಗಿ ಎರಡು ಗೋಲು ಹೊಡೆದಾಗಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಮುಗಿದೇ ಹೋಯಿತು ಅಂತ ಅನಿಸುವಾಗ 24ನೇ ನಿಮಿಷದಲ್ಲಿ ಬೆಕ್‌ಹ್ಯಾಮ್ ಕಾರ್ನರ್, ಕೀನ್ ಹೆಡರ್, ಗೋಲು. ಸಂಭ್ರಮ ಇಲ್ಲ, ಏನೂ ಇಲ್ಲ. ತಿರುಗಿ ತನ್ನ ಅರ್ಧಕ್ಕೆ ಓಡಿದ. 33ನೇ ನಿಮಿಷದಲ್ಲಿ ಸಹ ಆಟಗಾರ ಬ್ಲೋಮ್‌ಕ್ವಿಸ್ಟ್ ಕೊಟ್ಟ ಕೆಟ್ಟ ಪಾಸ್ ಹಿಡಿಯಲು ಹೋಗಿ ಎದುರಾಳಿ ಝಿಡಾನ್ ಮೇಲೆ ಫೌಲ್ ಮಾಡಿದ, ಹಳದಿ ಕಾರ್ಡ್. ಹಿಂದಿನ ಕಾರ್ಡ್‌ಗಳ ಲೆಕ್ಕ ಸೇರಿ ಮುಂದಿನ ಪಂದ್ಯಕ್ಕೆ ಅಮಾನತು. ಗೆದ್ದರೂ ಫೈನಲ್ ಆಡುವ ಹಾಗಿಲ್ಲ ಅಂತ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಉಳಿದದ್ದು ಸುಮಾರು ಒಂದು ಗಂಟೆ ಆಟ. ಆ ಒಂದು ಗಂಟೆ ಕೀನ್ ಆಡಿದ್ದನ್ನು ಸಿಕ್ಕರೆ ಪೂರ್ತಿ ನೋಡಿ, ಗೋಲುಗಳ ತುಣುಕು ಸಾಲದು. ತಾನು ಆಡದ ಫೈನಲ್‌ಗೆ ಬೇರೆಯವರನ್ನು ಕಳಿಸಲು ಒಬ್ಬ ಹೇಗೆ ಓಡಬಹುದು, ಹೇಗೆ ಚೆಂಡು ಕಿತ್ತುಕೊಳ್ಳಬಹುದು ಅಂತ ಅಲ್ಲಿ ಕಾಣುತ್ತದೆ. ಯಾರ್ಕ್, ಕೋಲ್ ಗೋಲು ಹೊಡೆದು 3-2.

ಫೈನಲ್‌ನಲ್ಲಿ ಕೀನ್ ಇಲ್ಲ, ನಡುಮೈದಾನದ ಜೊತೆಗಾರ ಸ್ಕೋಲ್ಸ್ ಇಲ್ಲ, ಪಟ್ಟಿ ಗೋಲ್‌ಕೀಪರ್ ಶ್ಮೈಕೆಲ್‌ಗೆ. ಜರ್ಮನಿಯ ಬಾಯರ್ನ್ ವಿರುದ್ಧ ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು, ಗೆಲುವು. ಹಾಗಾದರೆ ಕೀನ್ ಕೂಡ ನನ್ನ ಪರೀಕ್ಷೆ ಪಾಸಾದನಲ್ಲ ಅಂತ ಕೇಳಬಹುದು. ಪೂರ್ತಿ ಆಗಲಿಲ್ಲ. ಆ ಫೈನಲ್‌ನಲ್ಲಿ ನಡುಮೈದಾನ ಕೈಯಲ್ಲಿರಲಿಲ್ಲ, ಬಾಯರ್ನ್‌ನವರ ಚೆಂಡು ಒಮ್ಮೆ ಕಂಬಕ್ಕೆ, ಒಮ್ಮೆ ಅಡ್ಡಪಟ್ಟಿಗೆ ಬಡಿಯಿತು. ಸೋಲನ್ನು ಒಪ್ಪದ ಹಟ ಕೀನ್ ಕಲಿಸಿದ್ದು, ಅದು ಉಳಿದಿತ್ತು. ಆಟದ ಹಿಡಿತ ಮಾತ್ರ ಅವನ ಜೊತೆ ಸೂಟು ಹಾಕಿಕೊಂಡು ಹೊರಗೆ ಕೂತಿತ್ತು. ಕೊನೆ ಕೊನೆಗೆ ಅವನ ಸಿಟ್ಟು ತಂಡವನ್ನು ಎಬ್ಬಿಸುವ ಬದಲು ಕುಗ್ಗಿಸತೊಡಗಿತು. 2005ರಲ್ಲಿ ಕ್ಲಬ್‌ನ ಟೀವಿಗೆ ಕೊಟ್ಟ ಸಂದರ್ಶನದಲ್ಲಿ ಸಹ ಆಟಗಾರರನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡ. ಅದು ಪ್ರಸಾರವೇ ಆಗಲಿಲ್ಲ, ನವೆಂಬರ್‌ನಲ್ಲಿ ಕ್ಲಬ್ ಬಿಟ್ಟ. ಒಂದೇ ಒಂದು ರಾತ್ರಿಗೆ ಕ್ಯಾಪ್ಟನ್ ಆರಿಸಿ ಅಂದರೆ ಕೀನ್‌ನನ್ನು ಆರಿಸುತ್ತೇನೆ. ಹತ್ತು ವರ್ಷಕ್ಕೆ ಅಂದರೆ ಇಲ್ಲ.

ಕಾಲದ ವ್ಯತ್ಯಾಸ ಕೇಳಿದಿರಲ್ಲ, ಅದಕ್ಕೆ ಸ್ಕಾಟ್‌ಲೆಂಡಿನ ಸೆಲ್ಟಿಕ್ ಕ್ಲಬ್‌ನ ಬಿಲ್ಲಿ ಮೆಕ್‌ನೀಲ್‌ನನ್ನು ನೋಡಬೇಕು. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿದ ಮೊದಲ ಬ್ರಿಟಿಷ್ ಕ್ಯಾಪ್ಟನ್. ಅವತ್ತು ಆಡಿದ ಹನ್ನೊಂದು ಜನರೂ ಗ್ಲಾಸ್ಗೊದ ಸೆಲ್ಟಿಕ್ ಪಾರ್ಕ್‌ನಿಂದ ಸುಮಾರು 30 ಮೈಲಿ ಒಳಗೆ ಹುಟ್ಟಿದವರು. ಒಂದೇ ಭಾಷೆ, ಒಂದೇ ಮಳೆ, ಒಂದೇ ಥರದ ಬಾಲ್ಯ. ಅಂಥ ತಂಡದಲ್ಲಿ ಕ್ಯಾಪ್ಟನ್ ಏನನ್ನೂ ವಿವರಿಸಬೇಕಾಗಿಲ್ಲ. ಆದರೆ ಬಚ್ಚಿಟ್ಟುಕೊಳ್ಳಲೂ ಜಾಗ ಇಲ್ಲ. ಬೆಂಚಿನಲ್ಲಿ ಬದಲಿ ಗೋಲ್‌ಕೀಪರ್ ಒಬ್ಬ ಬಿಟ್ಟರೆ ಇನ್ಯಾರೂ ಇರಲಿಲ್ಲ, ದಣಿದರೂ ಪೆಟ್ಟಾದರೂ ಆಡಲೇಬೇಕು. ಮೆಕ್‌ನೀಲ್ ಸೆಂಟರ್ ಹಾಫ್, ಅಂದರೆ ಡಿಫೆಂಡರ್. ಆದರೂ ಆ ತಂಡದ ಎರಡು ತಿರುವುಗಳಲ್ಲಿ ಅವನ ತಲೆಯೇ ಇದೆ. 1965ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ 2-2 ಇದ್ದಾಗ ಗ್ಯಾಲಗರ್ ಕಾರ್ನರ್, ಮೆಕ್‌ನೀಲ್ ಹೆಡರ್. ಎಂಟು ವರ್ಷ ದೊಡ್ಡ ಕಪ್ ಕಾಣದಿದ್ದ ಕ್ಲಬ್‌ಗೆ ಅಲ್ಲಿಂದ ಬಾಗಿಲು ತೆರೆಯಿತು. 1967ರ ಕ್ವಾರ್ಟರ್‌ಫೈನಲ್‌ನಲ್ಲಿ ಯುಗೋಸ್ಲಾವಿಯಾದ ವೊಯ್ವೊದಿನಾ ವಿರುದ್ಧ ಮೊದಲ ಪಂದ್ಯ 0-1 ಸೋತು, ಎರಡನೆಯದರಲ್ಲಿ ಕೊನೆಯ ನಿಮಿಷದ ತನಕ ಒಟ್ಟು ಸಮ. ಮತ್ತೆ ಗ್ಯಾಲಗರ್ ಕಾರ್ನರ್, ಮತ್ತೆ ಮೆಕ್‌ನೀಲ್. ಆ ಹೆಡರ್ ಇಲ್ಲದಿದ್ದರೆ ಲಿಸ್ಬನ್‌ಗೆ ಹೋಗುವ ದಾರಿ ಅಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ.

ಡಿಸೆಂಬರ್ 1995ರಲ್ಲಿ ಯುರೋಪಿಯನ್ ನ್ಯಾಯಾಲಯ ಕೊಟ್ಟ ಬೋಸ್ಮನ್ ತೀರ್ಪಿನ ಮೇಲೆ ಯುರೋಪಿನ ಡ್ರೆಸಿಂಗ್ ರೂಮುಗಳೇ ಬೇರೆಯಾದವು. ಒಪ್ಪಂದ ಮುಗಿದ ಆಟಗಾರ, ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ದುಡ್ಡು ಕಟ್ಟದೆಯೇ, ಹೋಗಬಹುದು, ಯುರೋಪಿಯನ್ ಒಕ್ಕೂಟದ ಆಟಗಾರರಿಗೆ ಇಷ್ಟೇ ಜನ ಅನ್ನುವ ಮಿತಿ ಇಲ್ಲ ಅಂತ ಆಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಚೆಲ್ಸಿ ಒಬ್ಬ ಬ್ರಿಟಿಷ್ ಆಟಗಾರನೂ ಇಲ್ಲದ ಹನ್ನೊಂದು ಜನರ ತಂಡವನ್ನು ಕಣಕ್ಕಿಳಿಸಿತು. ಊರಿನವರನ್ನು ನಡೆಸುವ ಕೆಲಸ ಬೇರೆ, ಹತ್ತು ದೇಶದವರನ್ನು ನಡೆಸುವ ಕೆಲಸ ಬೇರೆ. ಎರಡನ್ನೂ ಮಾಡಿದವನು ಆರ್ಸೆನಲ್‌ನ ಟೋನಿ ಆಡಮ್ಸ್. 1988ರ ಜನವರಿ 1ರಂದು, 21ನೇ ವಯಸ್ಸಿಗೆ ಕ್ಯಾಪ್ಟನ್ ಆದ. 1989, 1991, 1998, 2002ರಲ್ಲಿ ಲೀಗ್ ಗೆದ್ದ, ಮೂರು ಬೇರೆ ಬೇರೆ ದಶಕಗಳಲ್ಲಿ. ಮೊದಲ ತಂಡ ಬಹುತೇಕ ಇಂಗ್ಲಿಷ್ ಮಣ್ಣಿನದು, ಕೊನೆಯದು ಫ್ರಾನ್ಸ್‌ನ ವಿಯೆರಾ, ಆನ್ರಿ ಅವರದು. ನಡುವೆ ಕುಡಿತ ಅವನನ್ನು ತಿಂದುಹಾಕುತ್ತಿತ್ತು. ಕುಡಿದು ಕಾರು ಓಡಿಸಿದ್ದಕ್ಕೆ 1990ರ ಕೊನೆಗೆ ಜೈಲಿಗೆ ಹೋಗಿ ಸುಮಾರು ಎರಡು ತಿಂಗಳು ಒಳಗಿದ್ದ. ಆ ಸೀಸನ್‌ನಲ್ಲಿ ಆರ್ಸೆನಲ್ ಲೀಗ್‌ನಲ್ಲಿ ಸೋತದ್ದು ಒಂದೇ ಪಂದ್ಯ, ಅದೂ ಅವನು ಒಳಗಿದ್ದಾಗಲೇ. 1996ರಲ್ಲಿ ತಾನು ಕುಡುಕ ಅಂತ ಎಲ್ಲರ ಮುಂದೆ ಒಪ್ಪಿಕೊಂಡ. 2000ದಲ್ಲಿ ಇಂಥದೇ ಚಟಕ್ಕೆ ಸಿಕ್ಕ ಆಟಗಾರರಿಗೆ ನೆರವಾಗಲು ಸ್ಪೋರ್ಟಿಂಗ್ ಚಾನ್ಸ್ ಅನ್ನುವ ಸಂಸ್ಥೆ ಕಟ್ಟಿದ. ಮನುಷ್ಯನಾಗಿ ಈ ಸಾಲಿನಲ್ಲಿ ನನಗೆ ಜಾಸ್ತಿ ಹತ್ತಿರವಾದವನು ಇವನೇ.

ಪುಯೋಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಬಿಡಲಾರೆ. ಮೆಸ್ಸಿ, ಶಾವಿ, ಇನಿಯೆಸ್ಟಾ ಇದ್ದ ಬಾರ್ಸಿಲೋನಾದಲ್ಲಿ ಕ್ಯಾಪ್ಟನ್ ಇವನು. ಏಪ್ರಿಲ್ 2012ರಲ್ಲಿ ರಾಯೊ ವಲ್ಲೆಕಾನೊ ವಿರುದ್ಧ 7-0ರಿಂದ ಗೆದ್ದ ಪಂದ್ಯದಲ್ಲಿ ಅವನ ತಂಡದ ತಿಯಾಗೊ, ಅಲ್ವೆಸ್ ಗೋಲಿನ ಖುಷಿಗೆ ಕುಣಿಯತೊಡಗಿದರು. ಪುಯೋಲ್ ಓಡಿಬಂದು ಇಬ್ಬರನ್ನೂ ಎಳೆದು ನಿಲ್ಲಿಸಿ ವಾಪಸ್ ಕಳಿಸಿದ. ಸೋತವರ ಊರಲ್ಲಿ, ಅವರ ಜನರ ಎದುರು ಕುಣಿಯಬಾರದು ಅಂತ. 2011ರಲ್ಲಿ ವೆಂಬ್ಲಿಯ ಚಾಂಪಿಯನ್ಸ್ ಲೀಗ್ ಫೈನಲ್ ಹೊತ್ತಿಗೆ ಅವನು ಗಾಯದಿಂದ ಪೂರ್ತಿ ಚೇತರಿಸಿಕೊಂಡಿರಲಿಲ್ಲ, ಬೆಂಚಿನಲ್ಲಿದ್ದ, ಕೊನೆಯ ಒಂದೆರಡು ನಿಮಿಷಕ್ಕೆ ಇಳಿದ. ಯುನೈಟೆಡ್ ವಿರುದ್ಧ 3-1 ಗೆಲುವು. ಕಪ್ ಎತ್ತುವ ಹೊತ್ತಿಗೆ ಪಟ್ಟಿಯನ್ನು ಸಹ ಆಟಗಾರ ಎರಿಕ್ ಅಬಿದಾಲ್ ತೋಳಿಗೆ ಕಟ್ಟಿ ಅವನನ್ನು ಮುಂದೆ ಬಿಟ್ಟ. ಅಬಿದಾಲ್‌ಗೆ ಯಕೃತ್ತಿನ ಗಡ್ಡೆ ತೆಗೆದು ಆಗಿನ್ನೂ ಎರಡು ತಿಂಗಳಾಗಿತ್ತು, ಅವತ್ತು ಇಡೀ ಪಂದ್ಯ ಆಡಿದ್ದ. ಬರೇಸಿಯ ಹತ್ತಿರಕ್ಕೆ ಯಾರಾದರೂ ಬಂದರೆ ಅದು ಪುಯೋಲ್ ಅಂತ ನನ್ನ ಲೆಕ್ಕ.

ಈಗ ಜೆರಾರ್ಡ್. ನಿಮಗೆ ಬೇಜಾರಾಗಬಹುದು, ಆದರೆ ಪೂರ್ತಿ ಕೇಳಿ. 2005ರ ಇಸ್ತಾಂಬುಲ್ ಫೈನಲ್ ಅವನದೇ. 0-3 ಇದ್ದಾಗ 54ನೇ ನಿಮಿಷದಲ್ಲಿ ಹೆಡರ್, ಆಮೇಲೆ ಆರು ನಿಮಿಷದೊಳಗೆ ಇನ್ನೆರಡು ಗೋಲು. ಹೆಚ್ಚುವರಿ ಸಮಯದಲ್ಲಿ ಮಿಲಾನ್‌ನ ಸೆರ್ಜಿನ್ಯೊ ಎಡಬದಿಯಲ್ಲಿ ಓಡಿ ಓಡಿ ಕಾಡುತ್ತಿದ್ದಾಗ ಜೆರಾರ್ಡ್ ಬಲಬದಿಯ ಡಿಫೆನ್ಸ್‌ಗೆ ಇಳಿದು ಅವನನ್ನು ತಡೆದ. ಕಾಲು ಕಟ್ಟಿಹೋಗುವ ಹೊತ್ತಿನಲ್ಲಿ ತನ್ನದಲ್ಲದ ಜಾಗದಲ್ಲಿ ಆಡುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. 2006ರ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಕೊನೆಯ ಗಳಿಗೆಯಲ್ಲಿ ದೂರದಿಂದ ಹೊಡೆದ ಗೋಲು 3-3 ಮಾಡಿತು, ಪೆನಾಲ್ಟಿಯಲ್ಲಿ ಗೆದ್ದರು. ಆದರೆ ಇದೇ ಅವನ ತಂಡದ ತೊಂದರೆಯೂ ಹೌದು. ಕಷ್ಟ ಬಂದಾಗ ಹತ್ತು ಜನ ಅವನ ಮುಖ ನೋಡುತ್ತಿದ್ದರು. ಅವನು ಮಾಡಿದರೆ ಆಯಿತು, ಇಲ್ಲವಾದರೆ ಇಲ್ಲ. ಏಪ್ರಿಲ್ 2014ರಲ್ಲಿ ಲೀಗ್ ಗೆಲ್ಲುವ ಹತ್ತಿರ ಬಂದಿದ್ದಾಗ ಚೆಲ್ಸಿ ವಿರುದ್ಧ ಕಾಲು ಜಾರಿ ಗೋಲು ಬಿಟ್ಟುಕೊಟ್ಟದ್ದನ್ನೇ ಹಿಡಿದು ಆಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ತಂಡವನ್ನು ಅಲ್ಲಿವರೆಗೆ ಎಳೆದು ತಂದವರಲ್ಲಿ ಅವನೂ ಒಬ್ಬ ತಾನೇ? ದೊಡ್ಡ ಆಟಗಾರ, ದೊಡ್ಡ ಎದೆಗಾರ. ಬರೇಸಿಯ ಅಥೆನ್ಸ್‌ನಂಥದ್ದು ಅವನಿಗೆ ಇಲ್ಲ, ಅಷ್ಟೇ. ಅವನ ಸುತ್ತ ಬಹಳ ಸಲ ಅಂಥ ತಂಡವನ್ನೇ ಕಟ್ಟಿಕೊಡಲಿಲ್ಲ ಅನ್ನುವುದೂ ಸತ್ಯ.

ಚೆಟ್ರಿಯನ್ನು ನಾನು ಜೆರಾರ್ಡ್ ಪಕ್ಕದಲ್ಲಿ ನಿಲ್ಲಿಸುತ್ತೇನೆ. ಆಟದ ಮಟ್ಟ ಒಂದೇ ಅಂತ ಹೇಳುತ್ತಿಲ್ಲ, ಹೊತ್ತ ಭಾರದ ಬಗೆ ಒಂದೇ. 2013ರಲ್ಲಿ ಕ್ಲಬ್ ಹುಟ್ಟಿದಾಗಿಂದ ಅದರ ಮುಖ ಅವನು, ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದ. ಅಕ್ಟೋಬರ್ 2016ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್. 11ನೇ ನಿಮಿಷಕ್ಕೇ ಅವರ ಗೋಲು. ಅರ್ಧ ಆಟಕ್ಕೆ ಮೊದಲು ಕಾರ್ನರ್‌ಗೆ ಚೆಟ್ರಿ ಹೆಡರ್, ಆಮೇಲೆ ದೂರದಿಂದ ಒಂದು ಭರ್ಜರಿ ಹೊಡೆತ, 3-1. ಆ ಕಪ್‌ನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಅವತ್ತು ಚೆಟ್ರಿ ಮಾಡಿದ್ದು ಮೆಕ್‌ನೀಲ್ ಮಾಡಿದ ಕೆಲಸವನ್ನೇ, ಕೀನ್ ಮಾಡಿದ ಕೆಲಸವನ್ನೇ. ತಂಡ ಹಿಂದೆ ಬಿದ್ದಾಗ ಕ್ಯಾಪ್ಟನ್ ತಾನೇ ಹೋಗಿ ತಲೆ ಕೊಟ್ಟ.

ಆದರೆ 2024-25ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನೋಡಿ. 40 ತುಂಬಿದ ಮೇಲೂ 14 ಗೋಲು ಹೊಡೆದ, ತಂಡ ಫೈನಲ್‌ಗೆ ಹೋಯಿತು, ಮೋಹನ್ ಬಾಗಾನ್ ವಿರುದ್ಧ 2-1ರಿಂದ ಸೋತಿತು. ಆ ವಯಸ್ಸಿಗೆ 14 ಗೋಲು ಅಂದರೆ ಅವನಿಗೆ ಕೈಮುಗಿಯಬೇಕು. ಆದರೆ ಒಂದು ಕ್ಲಬ್ ಹನ್ನೆರಡು ವರ್ಷದ ಮೇಲೂ ಗೋಲಿಗಾಗಿ ಅದೇ ಮನುಷ್ಯನ ಮುಖ ನೋಡುತ್ತಿದೆ ಅಂದರೆ ಅದು ಅವನ ತಪ್ಪಲ್ಲ, ಕ್ಲಬ್ ಮಾಡಬೇಕಾದ ಕೆಲಸ ಉಳಿದಿದೆ. ನನ್ನ ಪರೀಕ್ಷೆಯ ಪ್ರಕಾರ ಚೆಟ್ರಿಯ ಅಂಕಪಟ್ಟಿ ಇನ್ನೂ ಬಂದಿಲ್ಲ. ಅವನು ಬೂಟು ಬಿಚ್ಚಿಟ್ಟ ಮೇಲೆ ಬೆಂಗಳೂರು ಎಫ್‌ಸಿ ಒಂದು ಪೂರ್ತಿ ಸೀಸನ್ ಆಡಲಿ, ಆಮೇಲೆ ಇದೇ ಪ್ರಶ್ನೆ ಕಳಿಸಿ. ಆಗ ಉತ್ತರ ಬರೆಯುತ್ತೇನೆ.